ಸೂಜಿಯ ಮೇಲೆ ಹೊರಿಸಿದ ತಪ್ಪು

ಅಕ್ಕನ ಎದೆಯಲ್ಲಿ ಗಂಟು ಕಂಡಾಗ ಜಮಖಂಡಿಯ ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕೆಂದರು. ಅಕ್ಕ ಹೂಂ ಅಂದಳು. ಬೇಡವೆಂದು ನಾನೇ ಅವಳ ಕೈ ಹಿಡಿದು ಎಬ್ಬಿಸಿ ಹೊರಗೆ ಕರೆತಂದೆ. ‘ಗಂಟಿಗೆ ಕಬ್ಬಿಣ ತಾಗಿದ್ರ ಮೈತುಂಬ ಹರಡತೈತಿ’ ಎಂದು ಬನಹಟ್ಟಿಯ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಪೇರಲ ಹಣ್ಣು ಕೊಡಿಸಿ, ಗೆದ್ದವನಂತೆ ಪಕ್ಕದಲ್ಲಿ ಕುಳಿತೆ.

ತಿಂಗಳುಗಳು ಕಳೆದು ಗಂಟು ದೊಡ್ಡದಾದ ಮೇಲೆ ಸೂಜಿ ಚುಚ್ಚಿಸಲೇಬೇಕಾಯಿತು. ಆಪರೇಷನ್ನೂ ಆಯಿತು. ಈಗ ಲಿವರಿನಲ್ಲಿ ಏನೋ ಕಾಣುತ್ತಿದೆ, ಸೂಜಿಯಿಂದ ಚೂರು ತೆಗೆದು ನೋಡಿದರೆ ಯಾವ ಔಷಧಿ ಕೊಡಬೇಕೆಂದು ತಿಳಿಯುತ್ತದೆ ಎಂದರು ಬಾಗಲಕೋಟೆಯ ಡಾಕ್ಟರು.

ಅಕ್ಕ ಒಪ್ಪಲಿಲ್ಲ. ‘ನನ್ನ ತಮ್ಮ ಮೊದಲಽ ಹೇಳಿದ್ದ್ರಿ. ಚುಚ್ಚಿದ ಮ್ಯಾಲಽ ಹರಡಿದ್ದು. ಸಾಲಿ ಕಲೀದಿದ್ರೂ ಅವನ ತೆಲಿ ಛಲೋ ಐತ್ರಿ’ ಎಂದು ನಕ್ಕು ಹೊರಗೆ ಹೋದಳು.

ನಾನು ಡಾಕ್ಟರ ಮುಂದೆಯೇ ಉಳಿದೆ. ‘ಖರೇನಽ ಸೂಜಿಯಿಂದ ಹರಡಿತೇನ್ರಿ?’ ಎಂದೆ.

ಅಲ್ಲ ಎಂದರು. ಅವರು ಹೇಳಿದ್ದು ನನಗೆ ತಿಳಿದಷ್ಟು ಇದು: ಜೀವಕೋಶದೊಳಗೆ ಒಂದು ಮೂಲ ಬರಹ ಇರುತ್ತದೆ. ಕೆಲಸಕ್ಕೆ ಹೋಗುವುದು ಅದರ ನಕಲು, ಆರ್‌ಎನ್‌ಎ. ಆ ನಕಲಿನ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಅವು ಹೆಚ್ಚುಕಡಿಮೆಯಾದರೆ ಕ್ಯಾನ್ಸರ್ ಕೋಶ ಇದ್ದ ಜಾಗ ಬಿಟ್ಟು ರಕ್ತದಲ್ಲಿ ಹೊರಡುವುದನ್ನು ಕಲಿಯಬಹುದು. ಬೇರೆ ಕಾರಣಗಳೂ ಇವೆಯಂತೆ.

ನಾನು ಮಗ್ಗದವನು. ನಮ್ಮಲ್ಲೂ ಕಾಗದದ ಮೇಲಿನ ಮೂಲ ನಮೂನೆ ಕೆಡದೆ ಹಾಗೇ ಇರುತ್ತದೆ. ಆದರೆ ಅದನ್ನು ನೋಡಿ ತೂತು ಹೊಡೆದ, ಮಗ್ಗದ ನೂಲು ಎತ್ತಿಸುವ ರಟ್ಟಿನ ಪಟ್ಟಿಯಲ್ಲಿ ಒಂದೇ ಒಂದು ತೂತು ಮುಚ್ಚಿಹೋದರೂ ಸೀರೆಯ ಹೂವು ಕೆಡುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಮೊಳಗಟ್ಟಲೆ ನೇಯ್ದಿರುತ್ತೇವೆ. ಮಗ್ಗವನ್ನಾದರೂ ನಿಲ್ಲಿಸಬಹುದು. ನಾನು ತಡಮಾಡಿದ ಅಷ್ಟೂ ತಿಂಗಳು ಅವಳೊಳಗೆ ಅದು ನಡೆದೇ ಇತ್ತೇ? ಇವತ್ತೂ ಸುಮ್ಮನಿದ್ದರೆ ಅವಳು ನನ್ನ ಮಾತನ್ನೇ ನಂಬಿ ಮನೆಗೆ ಹೋಗುತ್ತಾಳೆ.

ಹೊರಗೆ ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ‘ನಡೀಲೇ ತಮ್ಮಾ, ಮುಧೋಳ ಬಸ್ ಹೋದೀತು.’

‘ಯಕ್ಕಾ, ಸೂಜಿದೇನೂ ತಪ್ಪಿಲ್ಲ. ತಪ್ಪು ನಂದು. ಅವತ್ತಽ ಚುಚ್ಚಿಸಿದ್ರ ಸಣ್ಣದಿದ್ದಾಗಽ ತಗೀತಿದ್ರು.’

ಅವಳು ನನ್ನ ಮುಖವನ್ನೇ ನೋಡಿದಳು.

‘ಪೇರಲ ಹಣ್ಣು ಬ್ಯಾರೆ ಕೊಡಿಸಿದ್ದಿ’ ಎಂದಳು.

ಚೀಲವನ್ನು ನನ್ನ ಕೈಗೆ ಕೊಟ್ಟು ಡಾಕ್ಟರ ಕೋಣೆಯ ಕಡೆ ತಿರುಗಿದಳು. ನಾನು ಹಿಂದೆ ಹೊರಟೆ.

‘ನೀ ಬರಬ್ಯಾಡ. ಇಲ್ಲೇ ಕುಂದ್ರು.’