ಕುದುರೆತಲೆ ಹುಡುಕಿಕೊಂಡು ಚಂದಾಪುರದಾಚೆಗೆ

ಅಮಾವಾಸ್ಯೆಯ ದಿನ ಪ್ರಯಾಣ ಹೊರಡುವವರು ಆಕಾಶದ ಫೋಟೋ ತೆಗೆಯುವ ನಮ್ಮ ಪೈಕಿಯವರು ಮಾತ್ರ. ಫೆಬ್ರವರಿಯ ಆ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಪೀಣ್ಯದ ನಮ್ಮ ಟೂಲ್‌ರೂಮಿನಿಂದ ಬೆನ್ನಿಗೊಂದು, ಹೆಗಲಿಗೊಂದು ಚೀಲ ಹೇರಿಕೊಂಡು ಹೊರಟಾಗ, ಪಕ್ಕದ ಮೇಜಿನ ಸರೋಜ ಎಂದಿನಂತೆ ಗೊಣಗಿದಳು. "ಇವತ್ತೇ ಹೋಗ್ಬೇಕೇನ್ರೀ? ನಾಳೆ ಹೋದ್ರೆ ನಿಮ್ಮ ನಕ್ಷತ್ರ ಓಡಿಹೋಗತ್ತಾ?" ನಕ್ಷತ್ರ ಓಡಿಹೋಗುವುದಿಲ್ಲ, ಚಂದ್ರ ಬಂದುಬಿಡುತ್ತಾನೆ ಎಂದೆ. ಆದರೂ ಆ ಹೊಲವನ್ನು ಹುಡುಕಿಕೊಟ್ಟವಳು ಅವಳೇ. ಚಂದಾಪುರದಿಂದ ಆನೇಕಲ್ ಕಡೆಗೆ ಒಳಗೆ ಹೋದರೆ ಅವಳ ದೊಡ್ಡಮ್ಮ ಲಕ್ಷ್ಮಮ್ಮನವರ ಹೊಲವಿದೆ, ಸುತ್ತ ಇನ್ನೂ ಕತ್ತಲಿದೆ, ಆದರೆ ಹೊಲ ಮಾರಾಟವಾಗಿದೆ, ಮುಂದಿನ ವರ್ಷಕ್ಕೆ ಅದು ಲೇಔಟ್ ಎಂದು ಹೇಳಿದ್ದಳು.

ನಾನು ಹುಡುಕಿ ಹೊರಟದ್ದು ಒಂದು ನೀಹಾರಿಕೆಯನ್ನು. ಮಹಾವ್ಯಾಧ ಎಂಬ ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳಲ್ಲಿ ಒಂದರ ಕೆಳಗೆ ಕೆಂಪು ಅನಿಲದ ಮಬ್ಬು, ಅದರ ಮುಂದೆ ಕಪ್ಪು ಧೂಳಿನ ಒಂದು ಕುದುರೆತಲೆ. ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾವನ್ನು ಭೂಮಿ ತಿರುಗುವುದಕ್ಕೆ ಸರಿಯಾಗಿ ತಿರುಗಿಸುತ್ತ, ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಕುಡಿಸಿ, ಅಂಥ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಂಡೀತು. ಪೀಣ್ಯದ ನಮ್ಮ ತಾರಸಿಯಿಂದ ಮೂರು ಚಳಿಗಾಲ ಪ್ರಯತ್ನಿಸಿದ್ದೆ. ಸಿಕ್ಕಿದ್ದು ಬಗ್ಗಡದ ಬಣ್ಣದ ಆಕಾಶ. ಎದುರಿನ ಕಾರ್ಖಾನೆಯವರ ದೀಪ ಅವರ ಗೇಟಿಗಿಂತ ನನ್ನ ತಾರಸಿಯನ್ನೇ ಚೆನ್ನಾಗಿ ಕಾಯುತ್ತದೆ. ಮಾರ್ಚ್ ಬಂದರೆ ಮಹಾವ್ಯಾಧ ಪಶ್ಚಿಮಕ್ಕೆ ಜಾರುತ್ತಾನೆ, ಆಮೇಲೆ ಮೋಡ. ಆ ಶನಿವಾರ ತಪ್ಪಿದರೆ ಆ ಹೊಲದಿಂದ ಇನ್ನು ಯಾವತ್ತೂ ಇಲ್ಲ.

ಮೆಟ್ರೋ ನಿಲ್ದಾಣದಲ್ಲಿ ಚೀಲ ಸ್ಕ್ಯಾನರ್ ಒಳಗೆ ಹೋದದ್ದೇ ತಡ, ಕಾವಲಿನವನು ಯಂತ್ರ ನಿಲ್ಲಿಸಿದ. "ಏನ್ ಮೇಡಂ ಇದು, ಪೈಪಾ?" ದೂರದರ್ಶಕ ಎಂದೆ. "ಈ ಕಬ್ಬಿಣದ ಗುಂಡು?" ಅದು ತೂಕ ಸರಿದೂಗಿಸುವುದಕ್ಕೆ ಎಂದು ವಿವರಿಸಿದೆ. ಇನ್ನೊಬ್ಬನನ್ನು ಕರೆದ. ಇಬ್ಬರೂ ಕೊಳವೆಯಲ್ಲಿ ಕಣ್ಣಿಟ್ಟು ಟಿಕೆಟ್ ಕೌಂಟರ್ ಕಡೆ ನೋಡಿ, ಏನೂ ಕಾಣಲಿಲ್ಲವೆಂದು ನಿರಾಶರಾಗಿ ಬಿಟ್ಟರು. ತೊಂಬತ್ತು ರೂಪಾಯಿ ಕೊಟ್ಟು ಊರಿನ ಈ ತುದಿಯಿಂದ ಆ ತುದಿಗೆ ನಿಂತುಕೊಂಡೇ ಹೋದೆ. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಕಂಡವು. ಶನಿವಾರ, ಒಳಗೆ ನರಪಿಳ್ಳೆಯಿಲ್ಲ, ಹಾಡಹಗಲಲ್ಲೇ ಮಹಡಿ ಮಹಡಿಗೂ ದೀಪ ಉರಿಯುತ್ತಿತ್ತು. ಮನೆಯಲ್ಲಿ ಒಂದು ಬಲ್ಬ್ ಆರಿಸದೆ ಬಂದರೆ ನಮ್ಮಮ್ಮ ದಿನವಿಡೀ ಬೈಯುತ್ತಿದ್ದಳು. ಇವರನ್ನು ಬೈಯುವ ಒಬ್ಬ ತಾಯಿಯೂ ಇಲ್ಲವೇ ಎನ್ನಿಸಿತು.

ಬೊಮ್ಮಸಂದ್ರದಲ್ಲಿ ಇಳಿದು ಬಸ್ಸು ಹಿಡಿದು ಚಂದಾಪುರ ಸೇರುವಾಗ ಬಿಸಿಲು ಇಳಿಯುತ್ತಿತ್ತು. ಹೊಸೂರು ರಸ್ತೆಯ ಧೂಳು ಗಂಟಲಿಗೆ ಅಂಟಿತ್ತು. ಸರ್ಕಲ್ಲಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಚಹಾ ಕುಡಿದು, ಆಟೋದವನೊಂದಿಗೆ ಚೌಕಾಸಿ ಮಾಡಿ ಹಳ್ಳಿಯ ದಾರಿ ಹಿಡಿದೆ. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ನನಗೆ ಹಾಡು ಗುನುಗುವಷ್ಟು ಖುಷಿಯಾಗಿತ್ತು.

ಲಕ್ಷ್ಮಮ್ಮನವರ ಮನೆ ಹೊಲದ ಅಂಚಿನಲ್ಲೇ ಇದೆ. ಅವರ ಗಂಡ ಮುನಿರಾಜಣ್ಣ ನನ್ನನ್ನು ಬಾಗಿಲಲ್ಲಿ ಕೂರಲೂ ಬಿಡದೆ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಎರಡು ಬಿದಿರು ಗಳ ನೆಟ್ಟು, ಮದುವೆ ಮನೆಯ ಪೆಂಡಾಲಿಗೆ ಕಟ್ಟುವಂಥ ನಾಲ್ಕು ಫೋಕಸ್ ಲೈಟು ಬಿಗಿದಿದ್ದರು. ಸ್ವಿಚ್ ಒತ್ತಿದರು. ಸೀಬೆಗಿಡದ ಒಂದೊಂದು ಎಲೆಯೂ ಎಣಿಸುವಂತೆ ಬೆಳಗಿತು.

"ಫೋಟೋ ತೆಗೀಬೇಕು ಅಂದ್ಳು ಸರೋಜ. ಇಲ್ಲಿ ಬೆಳಕು ಸಾಲ್ದು ಅಂತ ಶಾಮಿಯಾನದೋರತ್ರ ಇಸ್ಕಂಬಂದೆ ಕಣಮ್ಮ. ಸಾಕಾ, ಇನ್ನೆರಡು ತರ್ಲಾ?"

ನನಗೆ ಕತ್ತಲೆ ಬೇಕು ಎಂದು ಹೇಳಿದಾಗ ಅವರ ಮುಖ ಸಣ್ಣದಾಯಿತು. "ಕತ್ಲಲ್ಲಿ ಯಾವ ಫೋಟೋ ಬಂದೀತು?" ಎನ್ನುತ್ತಲೇ ದೀಪ ಆರಿಸಿದರು. ಪ್ರೀತಿಯಿಂದ ಹಚ್ಚಿದ ದೀಪವನ್ನು ಆರಿಸುವುದು ಸುಲಭ, ಒಂದು ಮಾತು ಸಾಕು. ಲಕ್ಷ್ಮಮ್ಮ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಊಟ ಮುಗಿಸಿ, ಹೊಲದಲ್ಲಿ ಮುಕ್ಕಾಲಿ ಊರಿ, ಉತ್ತರ ದಿಕ್ಕು ಹೊಂದಿಸಿ, ನೆತ್ತಿಯ ಬಳಿ ನಿಂತಿದ್ದ ಮಹಾವ್ಯಾಧನ ಸೊಂಟಕ್ಕೆ ಕೊಳವೆ ತಿರುಗಿಸಿದೆ. ಪೀಣ್ಯದಲ್ಲಿ ಎಂದೂ ಕಾಣದಷ್ಟು ಚುಕ್ಕಿಗಳು.

ಮೊದಲ ಚಿತ್ರ ಅರ್ಧಕ್ಕೆ ಬಂದಿತ್ತು. ಹೊಲದ ಆಚೆ ಬದಿಯಿಂದ ದಪ್ಪ ಬಿಳಿ ಬೆಳಕಿನ ಕಂಬವೊಂದು ಮೇಲೆದ್ದು ಇಡೀ ಆಕಾಶವನ್ನು ಗುಡಿಸಿಕೊಂಡು ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು.

ಟಾರ್ಚ್ ಹಿಡಿದು ಆ ಕಡೆಗೆ ದಾಪುಗಾಲು ಹಾಕಿದೆ. ಪಕ್ಕದ ಹೊಲದಲ್ಲಿ ಆಗಲೇ ಎದ್ದಿದ್ದ ಹೊಸ ಲೇಔಟಿನ ಕಮಾನು, ಅದರ ಮೇಲೆ "ನಕ್ಷತ್ರಗಳ ಕೆಳಗೆ ನಿಮ್ಮ ಕನಸಿನ ಮನೆ" ಎಂಬ ಬೋರ್ಡು. ಬೋರ್ಡಿನ ಕೆಳಗೆ ಆ ಸುತ್ತುವ ದೀಪ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೂಪರ್‌ವೈಸರ್. ಮಾರನೆಯ ದಿನ ಸೈಟು ಬುಕಿಂಗ್ ಶುರುವಂತೆ. ಒಂದು ಗಂಟೆ ಆರಿಸಿ ಎಂದು ಕೇಳಿದೆ. ಕೈ ಮುಗಿದೂ ಕೇಳಿದೆ.

"ಮೇಡಂ, ನಿಮ್ಗೇನ್ ತೊಂದ್ರೆ?" ಎಂದ ಆತ, ಎದ್ದೂ ನಿಲ್ಲದೆ. "ಆಕಾಶಕ್ಕೆ ತಾನೆ ಬಿಟ್ಟಿರೋದು. ನಿಮ್ಮ ಮನೆಗೇನ್ ಬಿಟ್ಟಿಲ್ವಲ್ಲ. ಅಲ್ಲಿ ಯಾರಿದಾರೆ?"

ಪಕ್ಕದವರ ಗೋಡೆಗೆ ಒಂದು ಮೊಳೆ ಹೊಡೆದರೆ ಠಾಣೆಗೆ ಹೋಗುವ ಊರು ಇದು. ಇಡೀ ಆಕಾಶಕ್ಕೆ ಸುಣ್ಣ ಬಳಿದರೆ ಕೇಳುವವರಿಲ್ಲ. ಇನ್ನೊಂದಿಷ್ಟು ಕೂಗಾಡಿ, ಏನೂ ಆಗದೆ ವಾಪಸ್ಸು ಬಂದು ಸಾಮಾನು ಕಟ್ಟತೊಡಗಿದೆ.

ಲಕ್ಷ್ಮಮ್ಮ ಬಂದು ಯಾಕೆಂದು ಕೇಳಿದರು. ಕ್ಯಾಮೆರಾದ ಹಿಂಬದಿಯಲ್ಲಿ ಚಿತ್ರ ತೋರಿಸಿದೆ. ಚುಕ್ಕಿಗಳ ಮೇಲೆ ಅಡ್ಡಡ್ಡ ಬಿಳಿ ಪಟ್ಟೆಗಳು.

"ಇದು ಅವರ ದೀಪಾನಾ?"

"ಹೂಂ."

"ಅದುಕ್ಕೆ ಕರೆಂಟು ನಮ್ಮನೆಯಿಂದ ಎಳ್ಕಂಡವ್ರೆ" ಎಂದರು ಲಕ್ಷ್ಮಮ್ಮ. ಲೇಔಟಿಗೆ ಇನ್ನೂ ಲೈನು ಸಿಕ್ಕಿರಲಿಲ್ಲವಂತೆ, ಒಂದು ವಾರಕ್ಕೆ ಎಂದು ಕೇಳಿದ್ದಕ್ಕೆ ಇವರು ಒಪ್ಪಿದ್ದರಂತೆ. ಹೇಳುತ್ತಲೇ ಮೀಟರ್ ಬೋರ್ಡಿನ ಕಡೆ ನಡೆದರು.

"ಏಯ್, ಕೇಳಿದ್ರೆ ಏನಂತೀಯ?" ಎಂದು ಮುನಿರಾಜಣ್ಣ ಹಿಂದೆಯೇ ಓಡಿದರು.

"ಕರೆಂಟ್ ಓಯ್ತು ಅಂತೀನಿ. ದಿನಾ ಓಗಲ್ವಾ?"

ಫ್ಯೂಸ್ ಕಿತ್ತರು. ಮನೆ ಆರಿತು, ಹೊಲ ಆರಿತು, ಕಮಾನು ಆರಿತು, ಆ ಬಿಳಿ ಕಂಬ ಇದ್ದಲ್ಲೇ ಮಾಯವಾಯಿತು. ನಾನು ಓಡಿಹೋಗಿ ಕ್ಯಾಮೆರಾ ಚಾಲೂ ಮಾಡಿದೆ. ಅದು ಒಂದಾದ ಮೇಲೊಂದು ಚಿತ್ರ ತೆಗೆಯುತ್ತಿರುವಾಗ ನಾವು ಮೂವರೂ ಬದುವಿನ ಮೇಲೆ ಕಳ್ಳರ ಹಾಗೆ ಕೂತಿದ್ದೆವು. ದೂರದಲ್ಲಿ ಸೂಪರ್‌ವೈಸರ್ ಯಾರಿಗೋ ಫೋನಿನಲ್ಲಿ ಜನರೇಟರ್ ಕಳಿಸಿ ಎಂದು ಕೂಗುತ್ತಿದ್ದ.

ಬಂದಷ್ಟನ್ನು ಲ್ಯಾಪ್‌ಟಾಪಿನಲ್ಲಿ ಪೇರಿಸಿದೆ. ಮೊದಲು ಬೂದು. ಕಪ್ಪನ್ನು ತಗ್ಗಿಸಿ ಬೆಳಕನ್ನು ಹಿಗ್ಗಿಸುತ್ತ ಹೋದಂತೆ ತೆಳು ಕುಂಕುಮದ ಪರದೆ, ಅದರ ಮೇಲೆ ಕತ್ತು ಎತ್ತಿ ನಿಂತ ಕುದುರೆ. ಕಣ್ಣು ತುಂಬಿ ಬಂತು. ಲಕ್ಷ್ಮಮ್ಮ ಲ್ಯಾಪ್‌ಟಾಪಿನ ಪರದೆ ನೋಡಿದರು, ತಲೆ ಎತ್ತಿ ಆಕಾಶ ನೋಡಿದರು, ಮತ್ತೆ ಪರದೆ ನೋಡಿದರು.

"ನಮ್ಮೊಲದ ಮ್ಯಾಲೆ ಇದಿತ್ತಾ?"

"ನಾವ್ಯಾರೂ ಹುಟ್ಟೋಕೆ ಮುಂಚಿಂದ್ಲೂ ಇದೆ."

ಕರೆಂಟು ಯಾವಾಗ ಬರುತ್ತದೆ ಎಂದು ಕೇಳಲು ಬಂದ ಸೂಪರ್‌ವೈಸರ್ ನಮ್ಮ ಹಿಂದೆ ನಿಂತು ಅದನ್ನೇ ನೋಡುತ್ತಿದ್ದ. ಬೈಯುತ್ತಾನೆ ಎಂದುಕೊಂಡೆ. ಅವನು ಫೋನ್ ತೆಗೆದ. "ಸಕ್ಕತ್ತಾಗೈತೆ ಮೇಡಂ. ವಾಟ್ಸಪ್ ಮಾಡಿ. ಬ್ರೋಷರ್‌ಗೆ ಹಾಕೋಣ. ನಮ್ಮ ಲೇಔಟಿಂದ ತೆಗ್ದಿರೋ ಫೋಟೋ ಅಂತ."

"ಆ ದೀಪ ಇದ್ರೆ ಇದು ಕಾಣಲ್ಲ ಕಣ್ರೀ" ಎಂದೆ.

"ದೀಪ ಇಲ್ದಿದ್ರೆ ಜನ ಬರಲ್ವಲ್ಲ ಮೇಡಂ" ಎಂದ, ನನ್ನ ಮೇಲೆಯೇ ಮರುಕಪಟ್ಟುಕೊಂಡು. ಕಳಿಸುವುದಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಜನರೇಟರ್ ಬಂತು. ಕಂಬ ಮತ್ತೆ ಎದ್ದಿತು. ಒಂದು ಒಳ್ಳೆಯ ಚಿತ್ರಕ್ಕೆ ಬೇಕಾದುದರ ಕಾಲು ಭಾಗವೂ ನನಗೆ ಸಿಕ್ಕಿರಲಿಲ್ಲ.

ಬೆಳಿಗ್ಗೆ ಆಟೋ ಹತ್ತುವಾಗ ಕಮಾನಿನ ಮುಂದೆ ಕಾರುಗಳ ಸಾಲು ನಿಂತಿತ್ತು. ಚಿತ್ರದ ಒಂದು ಪ್ರತಿ ಬೇಕೆಂದು ಲಕ್ಷ್ಮಮ್ಮ ಕೇಳಿದರು. ಕಳಿಸುತ್ತೇನೆ, ಆದರೆ ಆ ಸೂಪರ್‌ವೈಸರ್ ಕೈಗೆ ಕೊಡಬೇಡಿ ಎಂದೆ.

"ಅವನ್ಗ್ಯಾಕೆ ಕೊಡ್ಲಿ? ದೊಡ್ಡದಾಗಿ ಮಾಡಿಸ್ಕೊಡು. ನಮ್ಮ ಗೋಡೆ ಮ್ಯಾಲೆ, ದಾರಿ ಕಡೀಕೆ ಆಕ್ತೀನಿ. ಸೈಟು ನೋಡಕ್ಕೆ ಬರೋರ್ಗೆಲ್ಲ ತೋರಿಸ್ತೀನಿ. ಇದು ಇಲ್ಲೇ ಐತೆ, ರಾತ್ರಿ ಬಂದು ಉಡುಕ್ಕಳಿ ಅಂತೀನಿ."