ಖಾಲಾನ ಹೆಬ್ಬೆರಳು

ಖಾಲಾನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ನಿಂಬೆಹಣ್ಣು ಹೆಚ್ಚಿ, ಉಪ್ಪು ಕಲೆಸಿ, ಹತ್ತೂ ಬೆರಳು ಸಿಪ್ಪೆ ಸುಲಿದ ಶೇಂಗಾ ಬೀಜದ ಹಾಗೆ ಬೆಳ್ಳಗೆ, ನುಣ್ಣಗೆ ಆಗಿದ್ದವು. ಸಣ್ಣವಳಿದ್ದಾಗ ನನಗೆ ಜ್ವರ ಬಂದರೆ ಆಕೆ ಬಂದು ಹಣೆ ಮುಟ್ಟುತ್ತಿದ್ದಳು. ನನ್ನವ್ವನ ಕೈ ಒರಟು. ಖಾಲಾ ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ, ನಿಂಬೆಯ ವಾಸನೆಯಿಂದಲೇ ಬಂದಿದ್ದಾಳೆಂದು ತಿಳಿಯುತ್ತಿತ್ತು.

ಇಂಡಿ ಊರಿನಲ್ಲಿ ನಮ್ಮ ಮನೆ, ಆಕೆಯ ಮನೆ ಎದುರುಬದುರು. ಅವರು ಮುಸಲ್ಮಾನರು, ನಾವು ಅಲ್ಲ. ಆದರೂ ಮಾತು ಕಲಿತಾಗಿನಿಂದ ಆಕೆ ನನಗೆ ಖಾಲಾ, ಅಂದರೆ ಚಿಕ್ಕವ್ವ. ಆಕೆಯ ಗಂಡ, ನನಗೆ ಚಾಚಾ, ಅಗರಖೇಡದ ತೋಟಗಳಿಂದ ನಿಂಬೆ ತಂದು ಅಂಗಡಿಯಲ್ಲಿ ಮಾರುತ್ತಿದ್ದ. ಉಳಿದ ಹಣ್ಣನ್ನು ಆಕೆ ಉಪ್ಪಿನಕಾಯಿ ಹಾಕುತ್ತಿದ್ದಳು. ಆತ ತೀರಿಕೊಂಡ ಮೇಲೆ ಅದೇ ಕಸುಬಾಯಿತು. ಓಣಿಯ ಐದಾರು ಹೆಂಗಸರು ಬಂದು ಅಂಗಳದಲ್ಲಿ ಈಳಿಗೆ ಇಟ್ಟುಕೊಂಡು ಕೂರುತ್ತಿದ್ದರು. ಪ್ರತಿ ಹಣ್ಣನ್ನೂ ಖಾಲಾ ಉಗುರಿನಿಂದ ಗೀರಿ ಮೂಸಿ ನೋಡಬೇಕು, ಆಮೇಲೆಯೇ ಅದು ಈಳಿಗೆಗೆ ಹೋಗಬೇಕು. ದಪ್ಪ ಸಿಪ್ಪೆಯದು ಸಿಕ್ಕರೆ ಪಕ್ಕಕ್ಕೆ ಎಸೆದು, "ಸುಮ್ಮ ಗುಂಡಗೈತಿ, ಒಳಗ ರಸ ಇಲ್ಲ" ಅನ್ನುತ್ತಿದ್ದಳು. ನನ್ನನ್ನು ನೋಡಲು ಬಂದ ಮೊದಲ ವರನನ್ನು ಬಾಗಿಲ ಸಂದಿಯಿಂದ ನೋಡಿ ಅವ್ವನ ಕಿವಿಯಲ್ಲಿ ಅದನ್ನೇ ಹೇಳಿದಳು. ಆ ಸಂಬಂಧ ಅಲ್ಲಿಗೇ ನಿಂತಿತು.

ಆಕೆಯ ಇನ್ನೊಂದು ಮಾತು, "ಮುಚ್ಚಳ ತಗೀಬ್ಯಾಡ." ಉಪ್ಪು ಹಾಕಿ ಬಟ್ಟೆ ಕಟ್ಟಿಟ್ಟ ಭರಣಿಯನ್ನು ಯಾರಾದರೂ ನಡುವೆ ಬಿಚ್ಚಿ ನೋಡಿದರೆ ಆಕೆಗೆ ಸಿಟ್ಟು ಬರುತ್ತಿತ್ತು. ಅವಸರ ಮಾಡುವವರಿಗೆಲ್ಲ ಇದೇ ಮಾತು. ನಾನು ಮುದ್ದೇಬಿಹಾಳದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುವಾಗ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಉಪ್ಪಿನಕಾಯಿ ಡಬ್ಬಿ ಕಳಿಸುತ್ತಿದ್ದಳು. ರಿಸಲ್ಟ್ ಯಾವಾಗ ಬರುತ್ತದೋ ಎಂದು ಫೋನಿನಲ್ಲಿ ಅತ್ತರೆ, "ಮುಚ್ಚಳ ತಗೀಬ್ಯಾಡ, ತಾನs ಆಗ್ತೈತಿ" ಎಂದು ಫೋನ್ ಇಡುತ್ತಿದ್ದಳು.

ಮದುವೆಯಾಗಿ ನಾನು ಗಂಡನ ಜೊತೆ ಮಸ್ಕತ್ತಿಗೆ ಹೋದೆ. ಹೊರದೇಶದಿಂದ ಬಂದು ಕಂಪನಿ ತೆರೆಯುವವರಿಗೆ ಕಾಗದಪತ್ರ ಮಾಡಿಕೊಡುವ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ರಜೆಯಲ್ಲಿ ಊರಿಗೆ ಬಂದಾಗ, ನಿನ್ನ ಉಪ್ಪಿನಕಾಯಿಗೆ ಅಲ್ಲಿ ನಮ್ಮ ಜನ ಮುಗಿಬೀಳುತ್ತಾರೆ ಎಂದು ಹೇಳಿದ್ದೆ. ನಾನು ಸುಮ್ಮನೆ ಹೊಗಳಿದ್ದು. ಖಾಲಾ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

"ಅಲ್ಲಿ ಕಂಪನಿ ಹಾಕಾಕ ಏನ್ ಬೇಕು?"

"ನಿನಗ್ಯಾಕ ಖಾಲಾ ಅದೆಲ್ಲ? ನೀ ಮಾಲ್ ಕಳಸು, ನಾ ಮಾರಸ್ತೇನಿ."

"ಹಂಗಲ್ಲ. ಈ ಮನಿ ನನ್ನ ಮೈದುನನ ಹೆಸರ್ಲೆ ಐತಿ. ಅಂಗಡಿ ಬೋರ್ಡಿನ ಮ್ಯಾಲ ಇನ್ನೂ ನಿಮ್ಮ ಚಾಚಾನ ಹೆಸರs ಐತಿ. ಮಗಳ ಲಗ್ನದ ಕಾರ್ಡಿನ್ಯಾಗ ಕಾಕಾಗೋಳು, ಮಾಮಾಗೋಳು ಎಲ್ಲಾರೂ ಇದ್ರು, ನಾನs ಇರ್ಲಿಲ್ಲ. ಒಂದ ಕಾಗದದ ಮ್ಯಾಲರ ನನ್ನ ಹೆಸರು ಬರೀಲಿ. ಅಷ್ಟs."

ಆ ಕಾರ್ಡು ನನಗೆ ನೆನಪಿದೆ. ಅಚ್ಚಾಗಿ ಬಂದ ದಿನ ಖಾಲಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಾಪಸ್ ಕೊಟ್ಟು ಈಳಿಗೆಯ ಮುಂದೆ ಕೂತಿದ್ದಳು.

ವರ್ಷದೊಳಗೆ ಎಲ್ಲ ಸಿದ್ಧವಾಯಿತು. ಬಂಡವಾಳ ಪೂರಾ ಆಕೆಯದು. ಮೊದಲ ಮಾಲು ಹಡಗು ಹತ್ತಿತು. ಕಂಪನಿಯ ಒಡತಿಯಾಗಿ ಸಹಿ ಮಾಡಲು ಖಾಲಾ ಹಸಿರು ಸೀರೆ ಉಟ್ಟು, ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಹೊತ್ತು ವಿಮಾನದಲ್ಲಿ ಬಂದಿಳಿದಳು. ಹೂಡಿಕೆದಾರರ ಕಾರ್ಡಿಗೆ ಬೆರಳಿನ ಗುರುತು ಕೊಡಬೇಕಿತ್ತು. ಆ ಕಾರ್ಡಿಲ್ಲದೆ ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ, ಖಾತೆಯಿಲ್ಲದೆ ಲೈಸೆನ್ಸ್ ಇಲ್ಲ.

ಗುರುತು ತೆಗೆದುಕೊಳ್ಳುವ ಕಚೇರಿಯಲ್ಲಿ ಕಿಟಕಿಯ ಆಚೆ ಕೂತ ಹುಡುಗ ಒಳ್ಳೆಯವನು. ಹತ್ತೂ ಬೆರಳು ಒಂದೊಂದಾಗಿ ಗಾಜಿನ ಮೇಲೆ ಇಡಿಸಿದ. ಪ್ರತಿ ಸಲವೂ ಕೆಂಪು ದೀಪ. ಒದ್ದೆ ಕಾಗದ ಕೊಟ್ಟು ಒರೆಸಿಕೊಳ್ಳಲು ಹೇಳಿದ, ಮುಲಾಮು ಹಚ್ಚಿಸಿದ, ಮತ್ತೆ ಇಡಿಸಿದ. ಕೆಂಪು ದೀಪವೇ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಖಾಲಾ ಕನ್ನಡಕ ತೆಗೆದು ನನ್ನ ಕಡೆ ತಿರುಗಿದಳು.

"ಕಣ್ಣು ತೋರಸ್ಲೇನು? ನಮ್ಮ ರೇಷನ್ ಅಂಗಡ್ಯಾಗ ಕಣ್ಣು ನಡೀತೈತಿ ಅಂತ ಹೇಳು ಅವಂಗ."

ಹೇಳಿದೆ. ಅವನು ತಲೆಯಾಡಿಸಿದ. ಇಲ್ಲಿ ಬೆರಳೇ ಬೇಕು, ಎರಡು ಮೂರು ತಿಂಗಳು ಕೈಗೆ ಕೆಲಸ ಕೊಡದಿದ್ದರೆ ಗೆರೆಗಳು ಮತ್ತೆ ಮೂಡುತ್ತವೆ, ಆಮೇಲೆ ಬನ್ನಿ ಎಂದ. ಅದನ್ನು ಕನ್ನಡದಲ್ಲಿ ಹೇಳಿದಾಗ ಖಾಲಾ ನಕ್ಕಳು.

"ಕೆಲಸ ಮಾಡ್ಲಿಲ್ಲಂದ್ರ ಕಂಪನಿ ಯಾತಕ್ಕ?"

ಮಾಲು ಬಂದರಿನಲ್ಲಿ ಕಾಯುತ್ತಿತ್ತು. ಆಕೆಯ ವೀಸಾ ಇದ್ದದ್ದು ಕೆಲವೇ ದಿನ. ಸದ್ಯಕ್ಕೆ ನನ್ನ ಹೆಸರಿನಲ್ಲಿ ಮಾಡೋಣ, ನಿನ್ನ ಬೆರಳ ಗೆರೆ ಬಂದ ಕೂಡಲೇ ನಿನಗೆ ವರ್ಗ ಮಾಡಿಕೊಡುತ್ತೇನೆ ಎಂದೆ. ಖಾಲಾ ಸೆರಗಿನ ತುದಿಗೆ ಗಂಟು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು.

"ಹೂಂ, ನಿಂದs ಹಾಕು. ನೀ ಏನ್ ಹೊರಗಿನಾಕಿಯೇನು?"

ಆಕೆ ಹೊರಡುವ ದಿನ ಲೈಸೆನ್ಸ್ ಬಂತು, ಅರಬ್ಬಿಯಲ್ಲಿ. ಖಾಲಾಗೆ ಆ ಭಾಷೆ ತಿಳಿಯದು. ಆದರೆ ಕುರಾನ್ ಓದಿ ಓದಿ ಅಕ್ಷರ ಚೆನ್ನಾಗಿ ಬರುತ್ತಿತ್ತು. ಕೊಡು ಎಂದು ಕೈ ಚಾಚಿದಳು, ಕೊಟ್ಟೆ. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದಳು. ಕೊನೆಯ ಸಾಲಿನವರೆಗೂ ಹೋಗಿ ಮತ್ತೆ ಮೇಲಿಂದ ಶುರುಮಾಡಿದಳು. ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು.

"ಚಂದ ಬರದಾರ ನಿನ್ನ ಹೆಸರು" ಎಂದು ಮಡಿಚಿ ಕೊಟ್ಟಳು.

ಊರಿಗೆ ಹೋಗಿ ಕೈಗೆ ವಿಶ್ರಾಂತಿ ಕೊಡಲು ನೋಡಿದಳಂತೆ. ಎರಡು ವಾರ ಕಟ್ಟೆಯ ಮೇಲೆ ಕೈಕಟ್ಟಿ ಕೂತು ಉಳಿದವರಿಗೆ ಹೇಳಿಕೊಟ್ಟಳು. ಅವರು ಹಣ್ಣು ಗೀರಿ ನೋಡದೆ ಹೆಚ್ಚಿದರು, ಒಂದು ಭರಣಿ ಕಹಿಯಾಯಿತು. ಮರುದಿನವೇ ಆಕೆ ಮತ್ತೆ ಈಳಿಗೆಯ ಮುಂದೆ.

ಇನ್ನು ಹೇಳಬೇಕಾದದ್ದು ನನ್ನ ಬಗ್ಗೆ. ಬೈಯುವವರು ಬೈಯಲಿ, ನಾನೇನು ತಪ್ಪಿಸಿಕೊಳ್ಳುವುದಿಲ್ಲ. ಒಂದು ವರ್ಷವಾದ ಮೇಲೆ ಬೆರಳಿನ ಗುರುತೇ ಬೇಡವೆಂದಾಯಿತು. ಭಾರತದಲ್ಲಿ ನೋಟರಿ ಮುಂದೆ ಸಹಿ ಮಾಡಿದ ಪತ್ರ ಕಳಿಸಿದರೆ ಪಾಲು ವರ್ಗ ಮಾಡಬಹುದಿತ್ತು. ಬೇರೆಯವರಿಗೆ ನಾನೇ ಕೂತು ಮಾಡಿಸಿಕೊಟ್ಟಿದ್ದೇನೆ. ಖಾಲಾನ ಪತ್ರವನ್ನು ಮಾತ್ರ ಇವತ್ತು ನಾಳೆ ಎಂದು ಮುಂದೂಡಿದೆ. ಕೆಲಸದ ಗದ್ದಲ ಎಂದು ಗಂಡನಿಗೆ ಹೇಳುತ್ತಿದ್ದೆ. ನಿಜವೆಂದರೆ ಗೋಡೆಗೆ ತೂಗುಹಾಕಿದ ಲೈಸೆನ್ಸಿನಲ್ಲಿ ನನ್ನ ಹೆಸರು ನೋಡುವುದು ನನಗೆ ರೂಢಿಯಾಗಿತ್ತು. ಬಂದವರು ನನ್ನನ್ನು ಮೇಡಂ ಅನ್ನುತ್ತಿದ್ದರು. ಖಾಲಾ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಮಾಡುತ್ತಿದ್ದೆ ಎಂದು ಈಗ ಹೇಳಿಕೊಂಡರೆ ನನ್ನ ನಾಲಗೆಗೆ ನಾಚಿಕೆಯಾಗಬೇಕು.

ಆಕೆಗೆ ಲಕ್ವಾ ಹೊಡೆಯಿತು. ಮಗಳು ಬಸವನ ಬಾಗೇವಾಡಿಗೆ ತನ್ನ ಮನೆಗೆ ಕರೆದುಕೊಂಡು ಹೋದಳು. ಎಡಗಡೆ ಪೂರಾ ಬಿದ್ದುಹೋಗಿತ್ತು. ನಾಲ್ಕು ತಿಂಗಳು ಹಾಸಿಗೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ವಿಡಿಯೋ ಕಾಲ್ ಬಂತು. ತೆರೆಯ ತುಂಬ ಏನೋ ಮಸುಕಾಗಿ ಕಾಣುತ್ತಿತ್ತು. ಮಗಳು ಫೋನನ್ನು ಸ್ವಲ್ಪ ಹಿಂದೆ ಸರಿಸಿದಾಗ ತಿಳಿಯಿತು, ಅದು ಖಾಲಾನ ಬಲಗೈ ಹೆಬ್ಬೆರಳು.

"ಕಾಣ್ತಾವೇನು?" ಮಾತು ತೊದಲುತ್ತಿತ್ತು. "ಗೆರಿ ಬಂದಾವ ನೋಡು. ಈಗ ಆಗ್ತೈತಲ್ಲ?"

ನಿಜವಾಗಿಯೂ ಬಂದಿದ್ದವು. ಕೂಸಿನ ಬೆರಳಿನ ಹಾಗೆ ಸಣ್ಣ ಸಣ್ಣ ಸುಳಿಗಳು. ಆ ವಾರ ನನ್ನ ಮೇಜಿನ ಮೇಲೆ ರಂಜಾನಿನ ಆರ್ಡರುಗಳು ರಾಶಿ ಬಿದ್ದಿದ್ದವು. ಬೆರಳೇ ಬೇಡ, ನೋಟರಿ ಪತ್ರ ಸಾಕು ಎಂದು ಆಗಲಾದರೂ ಹೇಳಬಹುದಿತ್ತು. ಅದನ್ನು ಬಿಟ್ಟು ಹೇಳಿದೆ: "ಹಬ್ಬ ಒಂದು ಮುಗೀಲಿ ಖಾಲಾ, ನಾನs ಬಂದು ಎಲ್ಲಾ ಮಾಡಸ್ತೇನಿ. ನೀನs ಹೇಳ್ತಿದ್ದಿಯಲ್ಲ, ಮುಚ್ಚಳ ತಗೀಬ್ಯಾಡ ಅಂತ."

ಸೊಟ್ಟಗಾದ ಬಾಯಿಯಲ್ಲೇ ನಕ್ಕಳು. "ಹೌದಲ್ಲ. ಹಬ್ಬ ಮುಗೀಲಿ."

ಹಬ್ಬಕ್ಕೆ ಒಂಬತ್ತು ದಿನ ಇದ್ದಾಗ ಹೋಗಿಬಿಟ್ಟಳು. ನಾನು ಬಾಗೇವಾಡಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಎರಡು ದಿನವಾಗಿತ್ತು. ಮುಖ ನೋಡುವುದಕ್ಕೂ ಸಿಗಲಿಲ್ಲ. ಮಗಳು ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚಹಾ ಕೊಟ್ಟು, ಹಾಸಿಗೆಯ ಕೆಳಗಿನಿಂದ ಮೊಮ್ಮಗಳ ಶಾಲೆಯ ನೋಟ್‌ಬುಕ್ ಒಂದನ್ನು ತೆಗೆದು ನನ್ನ ಮುಂದಿಟ್ಟಳು. ಪುಟ ತುಂಬ ನೀಲಿ ಹೆಬ್ಬೆಟ್ಟಿನ ಗುರುತುಗಳು. ಮೊದಮೊದಲಿನವು ಬರೀ ಮಸಿಯ ಮುದ್ದೆ. ಪುಟ ತಿರುವಿದಂತೆ ಅಂಚಿನಲ್ಲಿ ಒಂದೆರಡು ಗೆರೆ, ಕೊನೆಯ ಪುಟದಲ್ಲಿ ಪೂರ್ತಿ ಸುಳಿ.

"ಮಸಿ ಡಬ್ಬಿ ತರಿಸ್ಕೊಂಡು ದಿನಾ ಒತ್ತಿ ನೋಡ್ತಿದ್ಲು ಅಕ್ಕಾ" ಎಂದಳು ಮಗಳು. "ನೀ ಕಾಗದ ತಗೊಂಡ್ ಬಂದಾಗ ಕೆಟ್ಟ್ ಬರಬಾರ್ದಂತ."

ನಾನು ಆ ಮನೆಯ ನೆಲದ ಮೇಲೆ ಕೂತು ಅತ್ತೆ. ನನ್ನವ್ವ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಸತ್ತವರ ಹೆಸರಿಗೆ ಕಂಪನಿ ಬರೆದುಕೊಡುವ ಫಾರ್ಮು ನಮ್ಮ ಆಫೀಸಿನಲ್ಲಿ ಇಲ್ಲ. ಕಂಪನಿಯನ್ನು ಮಗಳ ಹೆಸರಿಗೆ ವರ್ಗ ಮಾಡಿದೆ. ನಾನೇ ಕೂತು ಅರ್ಜಿ ತುಂಬಿದೆ, ಗುಮಾಸ್ತನಿಗೆ ಬಿಡಲಿಲ್ಲ. ಒಡತಿಯ ಹೆಸರು, ಊರು, ಪಾಸ್‌ಪೋರ್ಟ್ ನಂಬರು. ಎರಡನೇ ಪುಟದ ಕೆಳಗೆ ತಾಯಿಯ ಹೆಸರಿಗೆ ಒಂದು ಖಾಲಿ ಜಾಗ ಇತ್ತು. ಎಷ್ಟೋ ಜನರ ಅರ್ಜಿ ತುಂಬಿದವಳು ನಾನು, ಆ ಜಾಗವನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ಖಾಲಾ ಓದಲು ಬರುವಂತೆ ಅರಬ್ಬಿಯಲ್ಲಿ, ಬಲದಿಂದ ಎಡಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಆಕೆಯ ಹೆಸರು ಬರೆದೆ. ದೊಡ್ಡದಾಗಿ ಬರೆಯಬೇಕೆಂದಿದ್ದೆ. ಜಾಗ ಸಣ್ಣದಿತ್ತು.