ಎಡಗಡೆ ಕುರ್ಚಿಯ ತಾತ

ನನ್ನ ಮೊಮ್ಮಗಳು ಪಾಸಾದಳು. ಮುಂದಿನ ತಿಂಗಳಿಂದ ಜನ ತುಂಬಿದ ದೊಡ್ಡ ವಿಮಾನದ ಮುಂದುಗಡೆ ಕೂರುತ್ತಾಳೆ. ಎಡಗಡೆ ಕ್ಯಾಪ್ಟನ್ನು, ಬಲಗಡೆ ನಮ್ಮ ಹುಡುಗಿ. ಹೋದ ವಾರ ಫೋನ್ ಬಂದಾಗಿನಿಂದ ಈ ಮಾತನ್ನು ಯಾರ್ಯಾರಿಗೆ ಹೇಳಿದೆನೋ ನನಗೇ ನೆನಪಿಲ್ಲ. ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದೆ. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ತುಂಬಿಕೊಂಡು ಹೊರಟಿದ್ದ ಟ್ರಾಕ್ಟರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ ಹೇಳಿದೆ. ಏನು ಅನಾಹುತವಾಯಿತೋ ಎಂದು ಗಾಬರಿಯಾಗಿದ್ದ ಡ್ರೈವರು ವಿಷಯ ಕೇಳಿ, "ನಮ್ ಲೈನಿಗೇ ಬಂದ್ಲು ಬುಡಣ್ಣ" ಅಂದು ನಗುತ್ತಾ ಹೋದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ. ಆದರೂ ಇದನ್ನು ಇನ್ನೊಬ್ಬರ ಕೈಯಲ್ಲಿ ಬರೆಸಲು ಮನಸ್ಸು ಬರಲಿಲ್ಲ.

ಪೈಲಟ್ ಆಗುವುದೆಂದರೆ ಆರ್‌ಟಿಓ ಆಫೀಸಿಗೆ ಹೋಗಿ ಲೈಸೆನ್ಸ್ ಮಾಡಿಸಿದ ಹಾಗೆ ಅಂದುಕೊಂಡಿದ್ದೆ. ಅದಲ್ಲ. ಕೃಷ್ಣರಾಜಪೇಟೆಯಲ್ಲಿ ಕಾಲೇಜು ಮುಗಿಸಿದ ಮೇಲೆ, ವಿಮಾನದ ಕಂಪನಿಯೊಂದು ಹೊಸಬರನ್ನು ಆರಿಸಿ ತಾನೇ ತಯಾರು ಮಾಡುತ್ತದೆ ಎಂದು ತಿಳಿದು ಅರ್ಜಿ ಹಾಕಿದಳು. ಡಾಕ್ಟರುಗಳು ಕಣ್ಣು, ಕಿವಿ, ಎದೆ ಎಲ್ಲ ನೋಡಿದರು. ಆಮೇಲೆ ಗಾಳಿ ಮೋಡದ ಪಾಠ, ದಾರಿ ಲೆಕ್ಕ ಹಾಕುವ ಪಾಠ, ಕಾನೂನಿನ ಪಾಠ, ಒಂದೊಂದಕ್ಕೂ ಪರೀಕ್ಷೆ. ಒಂದರಲ್ಲಿ ಫೇಲಾಗಿ ಮತ್ತೆ ಬರೆದಳು. ಅದಾದ ಮೇಲೆ ದೂರದ ಊರಿನಲ್ಲಿ ಪುಟ್ಟ ವಿಮಾನದ ಮೇಲೆ ಕಲಿಕೆ. ಮಳೆ ಬಂದರೆ ಹಾರುವಂತಿಲ್ಲ, ಮಂಜು ಬಿದ್ದರೆ ಹಾರುವಂತಿಲ್ಲ, ವಿಮಾನ ರಿಪೇರಿಗೆ ಹೋದರೆ ಅದು ಬರುವವರೆಗೂ ಕಾಯಬೇಕು. ಅವಳ ಜೊತೆ ಓದಿದವರ ಮಕ್ಕಳು ಅಂಗನವಾಡಿಗೆ ಹೋಗುವಂತಾದರು, ಇವಳ ಓದು ಮುಗಿಯಲಿಲ್ಲ. ಒಬ್ಬಳೇ ಹಾರಿ ಇಳಿದ ದಿನ ಮಾತ್ರ ಫೋನಿನಲ್ಲಿ ಅವಳ ಮಾತಿಗೂ ನಗುವಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಕೊನೆಗೆ ದೊಡ್ಡ ವಿಮಾನದ ತರಬೇತಿ. ಅದನ್ನು ಮೊದಲು ಸಿಮ್ಯುಲೇಟರಿನಲ್ಲಿ ಕಲಿಸುತ್ತಾರೆ. ಅದು ನೆಲ ಬಿಟ್ಟೇಳದ ವಿಮಾನ. ಒಂದು ಕೋಣೆಯ ಹಾಗಿರುತ್ತದೆ, ಒಳಗೆ ಕೂತರೆ ಹಾರಿದ ಹಾಗೇ ಇರುತ್ತದಂತೆ. ಅಲ್ಲಿನ ಪರೀಕ್ಷೆಯಲ್ಲಿ ನಮ್ಮ ಹುಡುಗಿ ಫೇಲಾದಳು. ಕ್ಯಾಪ್ಟನ್ ಸೀಟಿನಲ್ಲಿ ಕೂತಿದ್ದ ಹಿರಿಯರು ಇವಳು ಏನು ಮಾಡುತ್ತಾಳೆ ನೋಡೋಣವೆಂದು ಬೇಕೆಂದೇ ವಿಪರೀತ ವೇಗದಲ್ಲಿ ಇಳಿಸಲು ಹೋದರಂತೆ. ಇವಳಿಗೆ ಅದು ಕಂಡಿತು. ಕಂಡರೂ ಬಾಯಿ ಬಿಡಲಿಲ್ಲ. ಯಾಕಮ್ಮಾ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ದೊಡ್ಡವರಲ್ಲವೇ ಸಾರ್ ಎಂದಳಂತೆ.

ಬೇರೆ ಯಾವ ಮನೆಯ ಮಕ್ಕಳು ಹಾಗೆ ಹೇಳುತ್ತಿದ್ದರೋ ಕಾಣೆ. ನಮ್ಮ ಮನೆಯಲ್ಲಿ ಬೆಳೆದವಳು ಹೇಳದೆ ಇನ್ನೇನು? ನಾವು ಮಕ್ಕಳಿಗೆ ಮಾತು ಕಲಿಸುವ ಜೊತೆಗೇ ದೊಡ್ಡವರಿಗೆ ಎದುರು ಮಾತಾಡಬಾರದು ಎಂದೂ ಕಲಿಸುತ್ತೇವೆ. ನನ್ನ ಮಗ, ಅಂದರೆ ಅವಳಪ್ಪ, ತಲೆ ನರೆತರೂ ನನ್ನೆದುರು ಜಗುಲಿ ಮೇಲೆ ಕೂರುವುದಿಲ್ಲ.

ಇನ್ನೊಂದು ಸಲ ಪರೀಕ್ಷೆಗೆ ಕೂರಿಸುತ್ತೇವೆ, ಅದರಲ್ಲೂ ಹೀಗೇ ಆದರೆ ಕಂಪನಿ ಕೈಬಿಡುತ್ತದೆ ಎಂದಿದ್ದರು. ಸ್ವಲ್ಪ ದಿನಕ್ಕೆಂದು ಊರಿಗೆ ಬಂದಳು. ವಿಮಾನದ ಗುಂಡಿಗಳು, ಮುಳ್ಳುಗಳು, ದೀಪಗಳು ಎಲ್ಲ ಅಚ್ಚಾಗಿದ್ದ ದೊಡ್ಡ ಹಾಳೆಯನ್ನು ನಡುಮನೆ ಗೋಡೆಗೆ ಅಂಟಿಸಿದಳು. ಅದರ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಲಗಡೆಯದರಲ್ಲಿ ಕೂತಳು. ಪೈಲಟ್‌ಗಳೆಲ್ಲ ಮನೆಯಲ್ಲಿ ಹೀಗೇ ಅಭ್ಯಾಸ ಮಾಡುತ್ತಾರಂತೆ. ಎರಡು ದಿನ ಒಬ್ಬಳೇ ಗೊಣಗಿಕೊಂಡು, ಮೂರನೇ ದಿನ ನನ್ನನ್ನು ಕರೆದಳು.

"ತಾತ, ನೀನು ಕ್ಯಾಪ್ಟನ್ನು. ಇಲ್ ಕೂತ್ಕೊ."

"ನಂಗೇನ್ ಬತ್ತದವ್ವ?"

"ಏನೂ ಬರ್ಬೇಕಾಗಿಲ್ಲ. ತಪ್ ಮಾಡು ಸಾಕು."

ವಿಮಾನ ತಿರುಗಿಸುವ ಹಿಡಿಕೆಗೆಂದು ಅಡುಗೆಮನೆಯಿಂದ ಮುದ್ದೆ ಕೋಲು ತಂದು ನನ್ನ ಕೈಗೆ ಕೊಟ್ಟಳು. ನಾನು ಕೋಲು ಹಿಡಿದು, ಅವಳು ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚಿನ ವೇಗ ಕೂಗುತ್ತಾ ಇಳಿಸತೊಡಗಿದೆ. ಅವಳು ಮೆಲ್ಲಗೆ, ಸ್ಪೀಡು ಜಾಸ್ತಿ ಆಯಿತೇನೋ ತಾತ ಎಂದಳು. ಏನೋ ಅಂದರೇನು, ಆಯಿತೋ ಇಲ್ಲವೋ ಎಂದು ನಾನು ಗದರಿದೆ. ಅವಳು ತಲೆ ತಗ್ಗಿಸಿದಳು. ವಿಮಾನ ನೆಲಕ್ಕೆ ಬಡಿದ ಲೆಕ್ಕ.

ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ಹೇಳವ್ವ, ಗಟ್ಟಿಯಾಗಿ ಹೇಳು. ಈ ಯಪ್ಪಂಗೆ ಯಾರಾರ ತಪ್ಪು ಅಂತ ಹೇಳ್ಲಿ ಅಂತ ಮದ್ವೆ ಆದಾಗಿಂದ ಕಾಯ್ತಾ ಇವ್ನಿ."

ದಿನಾ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕಿ ಬಂದು ಕ್ಯಾಪ್ಟನ್ ಆಗುತ್ತಿದ್ದೆ. ಪೈಲಟ್‌ಗಳ ಕಟ್ಟಳೆಯೂ ತಿಳಿಯಿತು. ಮೊದಲು ತಪ್ಪನ್ನು ಹೇಳಬೇಕು. ಕೇಳದಿದ್ದರೆ ಇನ್ನೂ ಬಿಡಿಸಿ ಹೇಳಬೇಕು. ಆಗಲೂ ಕೇಳದಿದ್ದರೆ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು. ಎರಡನೆಯದರವರೆಗೂ ಬಂದಳು. ಮೂರನೆಯದು ಮಾತ್ರ ಅವಳಿಂದ ಆಗಲಿಲ್ಲ. ಕೈ ಮುಂದೆ ಬಂದು ಹಿಂದಕ್ಕೆ ಹೋಗುತ್ತಿತ್ತು.

ಆಗ ನಾನು ಕ್ಯಾಪ್ಟನ್ ವೇಷ ಬಿಟ್ಟು ನನ್ನ ಹಾಗೇ ಮಾತಾಡಿದೆ. ಹೊಲದಲ್ಲಿ ಮಗನನ್ನು ಗದರುವ ದನಿಯಲ್ಲೇ ಅಂದೆ: "ಸುಮ್ಕಿರು. ನಂಗೊತ್ತದೆ."

"ಗೊತ್ತಿಲ್ಲ ತಾತ," ಎಂದಳು. "ಈಗ ಇಳಿಸ್ಬಾರ್ದು. ಕೊಡಿಲ್ಲಿ."

ಕೋಲು ಕಿತ್ತುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಮಗನ ಮುಖ ಬಿಳಿಚಿಕೊಂಡಿತು. ಅವಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಕೈಯಿಂದ ಒಂದು ಕಡ್ಡಿಯನ್ನೂ ಯಾರೂ ಹಾಗೆ ಕಿತ್ತುಕೊಂಡಿರಲಿಲ್ಲ. ನನಗೂ ಒಂದು ಗಳಿಗೆ ಮೈ ಬಿಸಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಗೋಡೆಯ ಹಾಳೆಯ ಮೇಲೆ ಕಣ್ಣು ನೆಟ್ಟು, ಏನೇನೋ ಇಂಗ್ಲಿಷಿನಲ್ಲಿ ಹೇಳುತ್ತಾ, ವಿಮಾನವನ್ನು ಮತ್ತೆ ಮೇಲಕ್ಕೆ ಒಯ್ಯುತ್ತಿದ್ದಳು. ಹಿಂದೆ ಕೂತ ಜನರೆಲ್ಲ ಅವಳ ಕಣ್ಣಿಗೆ ಕಾಣುತ್ತಿದ್ದರೇನೋ. ನನ್ನ ಬಿಸಿ ಇಳಿಯಿತು. ಇನ್ನೊಂದು ಸಲ ಮಾಡವ್ವ ಎಂದೆ. ಊಟದ ಹೊತ್ತಿನವರೆಗೂ ಮಾಡಿದೆವು.

ಪರೀಕ್ಷೆಯ ದಿನ ನಾನು ಗದ್ದೆ ಕಡೆ ಹೋಗಲಿಲ್ಲ. ಫೋನ್ ಬಂದಾಗ ಮಗ ಎತ್ತಿಕೊಂಡು ಕೇಳಿ, ಬಂದು ನನ್ನ ಪಕ್ಕ ಜಗುಲಿ ಮೇಲೆ ಕೂತ. ಅಷ್ಟರಲ್ಲೇ ನನಗೆ ತಿಳಿಯಿತು.

ಸಂಜೆ ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದೆವು. ಮನೆಯಲ್ಲಿ ನಾಟಿ ಕೋಳಿ ಸಾರು ಕುದಿಯುತ್ತಿತ್ತು. ಆವತ್ತು ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದು ನಡೆಯಲಿಲ್ಲ. ಅವಳ ಕಥೆ ಕೇಳದೆ ಅಡುಗೆಮನೆಯಲ್ಲಿ ನಿಲ್ಲಲು ಯಾರಿಗೂ ಮನಸ್ಸಿರಲಿಲ್ಲ. ಪಾತ್ರೆಗಳನ್ನೆಲ್ಲ ನಡುಮನೆಗೆ ತಂದಿಟ್ಟುಕೊಂಡು ಸುತ್ತ ಕೂತೆವು. ಆ ಹಿರಿಯರೇ ಮತ್ತೆ ಎಡಗಡೆ ಕೂತಿದ್ದರಂತೆ. ಎರಡು ಸಲ ಹೇಳಿದರೂ ಕೇಳಲಿಲ್ಲವಂತೆ. ಮೂರನೇ ಸಲ ಇವಳು ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡಳಂತೆ.

"ಬೈದ್ರಾ?" ಎಂದಳು ನನ್ನ ಹೆಂಡತಿ.

"ಇಲ್ಲಜ್ಜಿ. ಕೈ ಕುಲುಕಿದ್ರು."

ನನ್ನ ಹೆಂಡತಿ ಮುದ್ದೆ ಮುರಿಯುತ್ತಿದ್ದ ಕೈಯಲ್ಲೇ ಕಣ್ಣು ಒರೆಸಿಕೊಂಡು, ಖಾರ ತಗುಲಿ ಇನ್ನಷ್ಟು ಅತ್ತಳು. ಎಲ್ಲರೂ ನಕ್ಕೆವು. ಸೊಸೆ ನನ್ನ ತಟ್ಟೆಗೆ ಸಾರು ಬಿಟ್ಟಳು, ಮಗ ಅವಳ ತಟ್ಟೆಗೆ ಬಿಟ್ಟ. ಮೊಮ್ಮಗಳು ಇನ್ನೊಂದು ಮುದ್ದೆಗೆ ಕೈ ಚಾಚಿದಳು. ಆಮೇಲೆ ಎಲ್ಲರೂ ಒಟ್ಟಿಗೆ ಹೊಟ್ಟೆ ತುಂಬ ಉಂಡೆವು.